ಹಿಡಿಮೋಡದ ಕೊನೆಯ ನಾಲ್ಕು ನಿಮಿಷ

"ಯಾರಾದ್ರೂ ಇದ್ದೀರಾ...? ಲಿಫ್ಟ್ ನಿಂತುಬಿಟ್ಟಿದೆ!"

ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ, ದೀಪ ಆರಿದ ಲಿಫ್ಟಿನಲ್ಲಿ, ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಅವಳು ನಿಂತಿದ್ದಳು. ಪೆಟ್ಟಿಗೆಯ ತುಂಬ ಹಳೆಯ ವಿಡಿಯೋ ಕ್ಯಾಸೆಟ್ಟುಗಳು. ಯಾರದೋ ಮದುವೆ, ಯಾರದೋ ಮಗುವಿನ ಮೊದಲ ಹೆಜ್ಜೆ, ಯಾರದೋ ಶಾಲೆಯ ನಾಟಕ. ಅಂಥ ಕ್ಯಾಸೆಟ್ಟುಗಳಲ್ಲಿರುವುದನ್ನು ಫೋನಿನಲ್ಲಿ ನೋಡುವ ಹಾಗೆ ಮಾಡಿಕೊಡುವ ಅಂಗಡಿ ನಾಲ್ಕನೇ ಮಹಡಿಯಲ್ಲಿತ್ತು. ಅಂಗಡಿ ಚಿಕ್ಕಪ್ಪನದು, ಕೆಲಸವೆಲ್ಲ ಇವಳದು.

ಕತ್ತಲೆಂದರೆ ಅವಳಿಗೆ ಚಿಕ್ಕಂದಿನಿಂದಲೂ ಆಗದು. ಆಗ ಯಾರಿಗೂ ಹೇಳದ ತನ್ನ ಗುಟ್ಟಿನ ಮದ್ದು ನೆನಪಾಯಿತು. ಇಪ್ಪತ್ತೆಂಟು ವರ್ಷದ ಹೆಣ್ಣು, ಕಣ್ಣು ಮುಚ್ಚಿ, ಆರು ವರ್ಷದವಳ ಹಾಗೆ ಮೆಲ್ಲಗೆ ಹೇಳಿಕೊಂಡಳು.

"ಇವತ್ತಿಗೆ ಇಷ್ಟು ದೂರ..."

ತಲೆಯ ಮೇಲಿನ ಕತ್ತಲಿನಿಂದ ಒಂದು ಗಂಡು ದನಿ ಬಂತು.

"...ನಾಳೆ ಇನ್ನೊಂಚೂರು!"

ಅವಳು ಥಟ್ಟನೆ ಕಣ್ಣು ತೆರೆದಳು. ಇಪ್ಪತ್ತೆರಡು ವರ್ಷದಲ್ಲಿ ಆ ಮಾತಿಗೆ ಉತ್ತರ ಕೊಟ್ಟವರು ಒಬ್ಬರೂ ಇರಲಿಲ್ಲ.

"ಯಾ... ಯಾರದು?"

"ಲಿಫ್ಟ್ ಮೆಕ್ಯಾನಿಕ್ ಮೇಡಂ. ಹೆದರ್ಕೋಬೇಡಿ. ಚಕ್ರ ಕೈಯಲ್ಲೇ ತಿರುಗಿಸಿ ಕೆಳಗೆ ಇಳಿಸ್ತೀನಿ. ಒಂದೈದು ನಿಮಿಷ."

ಲಿಫ್ಟು ಇಂಚಿಂಚಾಗಿ ಇಳಿಯಿತು. ಅವನು ಮೆಟ್ಟಿಲಿಳಿದು ಬಂದು ಬಾಗಿಲು ತೆರೆದಾಗ ಎದುರಿಗೆ ಬೆಳಕು, ಬೆಳಕಿನ ನಡುವೆ ಮೂಗಿನ ಮೇಲೆ ಗ್ರೀಸ್ ಮೆತ್ತಿಕೊಂಡ ಒಂದು ಮುಖ. ನಗು ಮಾತ್ರ ಶುಭ್ರವಾಗಿತ್ತು.

'ಥ್ಯಾಂಕ್ಸ್' ಎನ್ನಬೇಕಿತ್ತು. ಅದು ಬಿಟ್ಟು ಅವಳು ಕೇಳಿದ್ದೇನು?

"ನಿಮಗೆ ಹಿಡಿಮೋಡ ಗೊತ್ತಾ?"

"ಗೊತ್ತಾ ಅಂತೀರಲ್ಲ ಮೇಡಂ! ಭಾನುವಾರ ಒಂಬತ್ತೂವರೆಗೆ ಟಿವಿ ಮುಂದೆ ಕೂತ್ರೆ ನನ್ನನ್ನ ಎಬ್ಬಿಸೋಕೆ ಯಾರಿಂದಾನೂ ಆಗ್ತಿರ್ಲಿಲ್ಲ."

ಹಿಡಿಮೋಡ! ಟಿವಿಯ ಮಕ್ಕಳ ಧಾರಾವಾಹಿಯ, ಒಂದು ಹಿಡಿಯಷ್ಟೇ ಇದ್ದ ಪುಟಾಣಿ ಮೋಡ. ಮಳೆ ಸುರಿಸಲೂ ಬಾರದ, ಬಿಸಿಲಿಗೆ ನೆರಳು ಕೊಡಲೂ ಆಗದ, ತನ್ನ ಮನೆ ಎಲ್ಲಿದೆ ಎಂದು ಹುಡುಕಿಕೊಂಡು ಹೊರಟಿದ್ದ ಮೋಡ. ಜೊತೆಗೆ, ಮಳೆಯೆಂದರೆ ಹೆದರುವ ಕೊಡೆತಾತ. ಪ್ರತಿ ಭಾನುವಾರವೂ ದಾರಿ ತಪ್ಪಿ, ಅತ್ತು, ನಕ್ಕು, ಕೊನೆಗೆ ಹಿಡಿಮೋಡ ಅದೇ ಮಾತು ಹೇಳುತ್ತಿತ್ತು. ಇವತ್ತಿಗೆ ಇಷ್ಟು ದೂರ, ನಾಳೆ ಇನ್ನೊಂಚೂರು.

"ಕೊನೇ ಭಾಗ ನೋಡಿದ್ದೀರಾ?" ಅವಳು ಕೇಳಿದಳು.

"ನೋಡಿದ್ದೀನಿ. ನೀವು?"

"ಇಲ್ಲ. ಅವತ್ತೇ ನಾವು ಮನೆ ಖಾಲಿ ಮಾಡಿದ್ದು. ಟಿವಿನ ರಜಾಯಿಯಲ್ಲಿ ಸುತ್ತಿ ಲಾರಿಗೆ ಹಾಕಿದ್ರು. ನಾನು ಅದರ ಪಕ್ಕದಲ್ಲೇ ಕೂತಿದ್ದೆ. ಒಳಗೆ ಮೋಡ ಮನೆಗೆ ಹೋಗ್ತಾ ಇದೆ, ನನಗೆ ಕಾಣಿಸ್ತಿಲ್ಲ ಅಂತ ದಾರಿ ಪೂರ್ತಿ ಅತ್ತಿದ್ದೆ. ಅದಕ್ಕೆ ಮನೆ ಸಿಕ್ತಾ... ಹೇಳಿ, ಸಿಕ್ತಾ?"

ಇಷ್ಟು ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಅಪರಿಚಿತನ ಮುಂದೆ ಇದೆಂಥ ಹುಚ್ಚು!

ಅವನು ನಗಲಿಲ್ಲ. ಟಾರ್ಚನ್ನು ಕೈಯಿಂದ ಕೈಗೆ ಬದಲಾಯಿಸುತ್ತ, ಕನಸಿನಲ್ಲಿರುವವನ ಹಾಗೆ ಹೇಳಿದ.

"ಕೊನೇಲಿ ಪರದೆ ತುಂಬ ಬರೀ ನೀಲಿ ಆಕಾಶ. ಮೋಡ ಕಾಣಿಸಲ್ಲ. ದನಿ ಮಾತ್ರ ಕೇಳಿಸತ್ತೆ. 'ಪುಟ್ಟಾ' ಅಂತ ಕರೆಯತ್ತೆ. ಟಿವಿ ನೋಡೋ ಮಕ್ಕಳನ್ನೆಲ್ಲ ಹಾಗೇ ಕರೆಯತ್ತೆ ಅನ್ಸತ್ತೆ."

"ಆಮೇಲೆ? ಏನು ಹೇಳತ್ತೆ?"

"ಹೇಳಿಬಿಟ್ರೆ ಮಜಾ ಏನಿದೆ? ನಮ್ಮನೇಲಿ ಅದರ ಕ್ಯಾಸೆಟ್ ಇದೆ. ತರ್ತೀನಿ."

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಅವನು ಬಂದಿದ್ದ. ಮೂಗು ತೊಳೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು! ಟವೆಲ್ಲಿನಲ್ಲಿ ಸುತ್ತಿದ್ದ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟ. ಅದರ ಮೇಲೆ ದುಂಡು ಅಕ್ಷರದಲ್ಲಿ 'ಹಿಡಿಮೋಡ, ಕೊನೇ ಭಾಗ' ಎಂದು ಬರೆದಿತ್ತು.

"ಇದು ಅಮ್ಮನ ಅಕ್ಷರ," ಎಂದ. ಸ್ವಲ್ಪ ತಡೆದು, "ಹಿಡಿಮೋಡದ ದನಿ ಕೂಡ ಅಮ್ಮಂದೇ," ಎಂದ.

ಅವಳು ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಅಂದ್ರೆ... ಇಷ್ಟು ವರ್ಷ ನನ್ನನ್ನ ಕತ್ತಲಲ್ಲಿ ಸಮಾಧಾನ ಮಾಡ್ತಿದ್ದದ್ದು ನಿಮ್ಮಮ್ಮನಾ?"

"ನಿಮ್ಮೊಬ್ಬರನ್ನೇ ಅಲ್ಲ ಬಿಡಿ." ಅವನು ನಕ್ಕ. ಆ ನಗು ಅರ್ಧಕ್ಕೇ ನಿಂತಿತು. "ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯ್ತು. ಈಗ ಮಾತಿಲ್ಲ. ಸ್ಲೇಟಲ್ಲಿ ಬರೆದು ತೋರಿಸ್ತಾರೆ. ಮನೇಲಿದ್ದ ಕ್ಯಾಸೆಟ್ ಹಾಕೋ ಮಶೀನ್ ಕೆಟ್ಟು ಎಷ್ಟೋ ವರ್ಷ ಆಯ್ತು. ಬರೋ ತಿಂಗಳು ಹತ್ತಕ್ಕೆ ಅವರ ಹುಟ್ಟಿದ ದಿನ. ಅವರ ದನಿ ಅವರಿಗೇ ಕೇಳಿಸ್ಬೇಕು ಅಂತ ಆಸೆ. ಆ ಕೊನೇ ಮಾತು... ಇದೊಂದರಲ್ಲೇ ಇರೋದು ಮೇಡಂ."

"ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ."

"ಒಂದು ಮಾತು ಕೊಡಿ. ಕೊನೇ ನಾಲ್ಕು ನಿಮಿಷ ನೀವೊಬ್ರೇ ನೋಡ್ಬಾರ್ದು. ಒಟ್ಟಿಗೆ ನೋಡೋಣ."

'ಒಟ್ಟಿಗೆ'... ಆ ಒಂದು ಶಬ್ದ ಅವಳ ಕಿವಿಯಲ್ಲಿ ದಿನವಿಡೀ ಸುಳಿದಾಡಿತು.

ಸರದಿಯಲ್ಲಿ ಬೇರೆಯವರ ಕ್ಯಾಸೆಟ್ಟುಗಳು ಬಹಳ ಇದ್ದವು. ಆದ್ದರಿಂದ ಕೆಲಸ ಮುಗಿಯಲು ಎರಡು ವಾರ ಹಿಡಿಯಿತು. ಆ ಎರಡು ವಾರವೂ ಲಿಫ್ಟಿಗೆ ದಿನಾ ಏನೋ ಒಂದು ಕಾಯಿಲೆ! ಒಂದು ದಿನ ಬಾಗಿಲು ಕಿರುಗುಟ್ಟುತ್ತದೆ, ಇನ್ನೊಂದು ದಿನ ಗುಂಡಿ ಬಿಗಿ. ರಿಪೇರಿಗೆ ಬಂದವನು ನಾಲ್ಕನೇ ಮಹಡಿಯಲ್ಲೇ ಚಹಾ ಕುಡಿಯುತ್ತಿದ್ದ. ಅವರಿಬ್ಬರೂ ಹಿಡಿಮೋಡದ ಒಂದೊಂದು ಭಾಗದ ಕತೆಯನ್ನೂ ನೆನಪಿನಿಂದ ಕಟ್ಟುತ್ತಿದ್ದರು. ಅವಳು ಮರೆತದ್ದು ಅವನಿಗೆ ನೆನಪಿರುತ್ತಿತ್ತು, ಅವನು ತಪ್ಪಿದ್ದನ್ನು ಅವಳು ತಿದ್ದುತ್ತಿದ್ದಳು. ಗಡಿಯಾರದ ಕಡೆ ಯಾರಿಗೂ ಗಮನವಿರುತ್ತಿರಲಿಲ್ಲ.

ಚಿಕ್ಕಪ್ಪ ಕನ್ನಡಕದ ಮೇಲಿಂದ ನೋಡಿ ಹೇಳಿದರು.

"ಈ ಲಿಫ್ಟು ಇಷ್ಟು ಚೆನ್ನಾಗಿ ಹಿಂದೆ ಯಾವತ್ತೂ ಓಡಿರ್ಲಿಲ್ಲ. ಆದ್ರೂ ದಿನಾ ರಿಪೇರಿ. ನನಗಂತೂ ತಲೆಬುಡ ಅರ್ಥ ಆಗ್ತಿಲ್ಲ ಮಗಳೇ!"

"ಚಿಕ್ಕಪ್ಪಾ, ಸುಮ್ನಿರಿ!"

ಅವಳ ಕೆನ್ನೆ ಕೆಂಪಾಗಿತ್ತು. ಚಿಕ್ಕಪ್ಪನಿಗೆ ಎಲ್ಲವೂ ಅರ್ಥವಾಗಿತ್ತು.

ಕೊನೆಗೆ ಹಿಡಿಮೋಡದ ಸರದಿ ಬಂತು.

ಈ ಕೆಲಸದಲ್ಲಿ ಚಿಕ್ಕಪ್ಪ ಕಲಿಸಿದ ಮೊದಲ ಪಾಠ ಒಂದಿತ್ತು. ಕ್ಯಾಸೆಟ್ಟಿನ ಬೆನ್ನು ನೋಡದೆ ಮಶೀನಿಗೆ ಹಾಕಬಾರದು. ಬೆನ್ನಿನಲ್ಲೊಂದು ಪ್ಲಾಸ್ಟಿಕ್ ಚಕ್ಕೆ ಇರುತ್ತದೆ. ಅದನ್ನು ಮುರಿದಿದ್ದರೆ ಕ್ಯಾಸೆಟ್ಟು ಕ್ಷೇಮ, ಅದರ ಮೇಲೆ ಬೇರೇನೂ ರೆಕಾರ್ಡ್ ಆಗದು. ಆದರೆ ಮುರಿದ ಜಾಗಕ್ಕೆ ಯಾರಾದರೂ ಗಮ್‌ಟೇಪ್ ಅಂಟಿಸಿದ್ದರೆ, ಮಶೀನಿನ ಒಂದು ಗುಂಡಿ ತಪ್ಪಿ ಒತ್ತಿದರೂ ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

ಆರು ವರ್ಷದಲ್ಲಿ ಒಮ್ಮೆಯೂ ಮರೆಯದ ಆ ಪಾಠವನ್ನು ಅವಳು ಅಂದು ಮರೆತಳು. ಮನಸ್ಸು ನೆಲದ ಮೇಲಿದ್ದರೆ ತಾನೇ!

ಪರದೆಯ ಮೇಲೆ ಹಿಡಿಮೋಡ ತೇಲಿಬಂತು. ಅದೇ ಕುಣಿತ, ಅದೇ ದನಿ... ಅವಳ ಕಣ್ಣು ತುಂಬಿತು. ಕೊನೆಯ ನಾಲ್ಕು ನಿಮಿಷ ಉಳಿದಾಗ ಕೊಟ್ಟ ಮಾತು ನೆನಪಾಗಿ, ಹೆಗಲ ಮೇಲಿದ್ದ ಶಾಲು ಎಳೆದು ಪರದೆ, ಮಶೀನು ಎರಡನ್ನೂ ಮುಚ್ಚಿದಳು. ದನಿಯೂ ಕೇಳಿಸಬಾರದಲ್ಲ? ಶಾಲಿನಡಿ ಕೈ ತೂರಿಸಿ, ತಡಕಾಡಿ, ಸದ್ದು ಕಡಿಮೆ ಮಾಡುವ ಗುಂಡಿ ತಿರುಗಿಸಿದಳು. ಅದರ ಪಕ್ಕದಲ್ಲೇ ರೆಕಾರ್ಡಿನ ಗುಂಡಿಯೂ ಇತ್ತು.

ಸಂಜೆ ಅವನು ಬಂದ. ಇಬ್ಬರೂ ಒಂದೇ ಬೆಂಚಿನಲ್ಲಿ, ನಡುವೆ ಒಂದು ಗೇಣು ಜಾಗ ಬಿಟ್ಟು ಕುಳಿತರು. ಹಿಡಿಮೋಡ ಕೊನೆಯ ಬೆಟ್ಟ ಹತ್ತಿತು. ಕೊಡೆತಾತ ಕೈ ಬೀಸಿದ.

ಪರದೆ ಥಟ್ಟನೆ ನೀಲಿಯಾಯಿತು.

"ನೋಡಿ, ಇದೇ ಆಕಾಶ! ಈಗ ಮಾತು ಬರತ್ತೆ..." ಅವನು ಮಗುವಿನ ಹಾಗೆ ಮುಂದಕ್ಕೆ ಬಾಗಿದ.

ಮಾತು ಬರಲಿಲ್ಲ. ಒಂದು ನಿಮಿಷ... ಎರಡು... ನಾಲ್ಕು.

"ಯಾಕೆ? ಅಮ್ಮನ ದನಿ ಎಲ್ಲಿ?"

ಆ ನೀಲಿಯನ್ನು ಅವಳು ದಿನಾ ನೋಡುತ್ತಿದ್ದಳು. ಸುಳ್ಳು ಹೇಳಬಹುದಿತ್ತು, ಆದರೆ ಅವಳಿಗೆ ಅದು ಬರುತ್ತಿರಲಿಲ್ಲ.

"ಇದು... ಇದು ಆಕಾಶ ಅಲ್ಲ. ಟೇಪ್ ಖಾಲಿ ಇದ್ರೆ ಮಶೀನ್ ಹೀಗೆ ನೀಲಿ ತೋರಿಸತ್ತೆ. ಇಲ್ಲಿದ್ದದ್ದು ಅಳಿಸಿಹೋಗಿದೆ."

ಕ್ಯಾಸೆಟ್ ಹೊರತೆಗೆದು ಬೆನ್ನು ತಿರುಗಿಸಿದಳು. ಚಕ್ಕೆ ಮುರಿದ ಜಾಗದ ಮೇಲೆ ಗಮ್‌ಟೇಪ್!

"ನಾನು... ಬೆನ್ನು ನೋಡಿರ್ಲಿಲ್ಲ. ನೋಡಬಾರ್ದು ಅಂದ್ರಲ್ಲ ಅಂತ ಬಟ್ಟೆ ಮುಚ್ಚಿದ್ದೆ. ಕೈ ತಪ್ಪಿ ಪಕ್ಕದ ಗುಂಡಿ..."

ಅವನು ಎದ್ದು ನಿಂತ. ದನಿ ಏರಲಿಲ್ಲ. ಏರಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ.

"ಇದೊಂದೇ ಇರೋದು ಅಂದಿದ್ದೆ. ನಿಮ್ಮನ್ನ ನಂಬಿ ಕೊಟ್ಟಿದ್ದೆ."

ಮೆಟ್ಟಿಲು ಇಳಿಯುವ ಹೆಜ್ಜೆಯ ಸದ್ದು ಕೇಳಿಸಿತು. ಲಿಫ್ಟಿನವನು ಲಿಫ್ಟನ್ನೂ ಮರೆತು ಹೋಗಿದ್ದ.

ಅದಾದ ಮೇಲೆ ಲಿಫ್ಟಿಗೆ ಯಾವ ಕಾಯಿಲೆಯೂ ಬರಲಿಲ್ಲ.

ಆರು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಹಳೆಯ ಕ್ಯಾಸೆಟ್ ಕೂಡಿಡುವವರಿಗೆಲ್ಲ ಫೋನು ಮಾಡಿದಳು. ಹಿಡಿಮೋಡದ ಕೊನೆಯ ಭಾಗ ಯಾರ ಬಳಿಯೂ ಇರಲಿಲ್ಲ. 'ಮಾತೇ ಹೋದ ತಾಯಿಯ ಕೊನೆಯ ಮಾತನ್ನು ನಾನು ಅಳಿಸಿಬಿಟ್ಟೆನಲ್ಲ... ಯಾವ ಮುಖ ಇಟ್ಟುಕೊಂಡು ಬದುಕಲಿ?' ಎಂದು ಒಳಗೊಳಗೇ ಬೇಯುತ್ತಿದ್ದಳು.

"ಲಿಫ್ಟ್ ಸರಿಯಾಯ್ತು, ನಿನ್ನ ಮುಖ ಕೆಟ್ಟು ಕೂತಿದೆ," ಎಂದರು ಚಿಕ್ಕಪ್ಪ. ತಮಾಷೆಗೆಂದು ಶುರು ಮಾಡಿದವರು ಅವಳ ಕಣ್ಣು ನೋಡಿ ಮೆತ್ತಗಾದರು. "ಮಗಳೇ, ತಪ್ಪಾಗಿದ್ರೆ ಯಾರಿಗೆ ತಪ್ಪಾಗಿದ್ಯೋ ಅವರ ಹತ್ರಾನೇ ಹೋಗಿ ಹೇಳ್ಕೋಬೇಕು. ಗೋಡೆ ನೋಡ್ತಾ ಅತ್ರೆ ಏನು ಬಂತು?"

ಹತ್ತನೇ ತಾರೀಖು ಮಧ್ಯಾಹ್ನ, ಅವನು ಕೆಲಸದಲ್ಲಿರುವ ಹೊತ್ತು ನೋಡಿ, ರಸೀದಿಯಲ್ಲಿದ್ದ ವಿಳಾಸ ಹಿಡಿದು, ಅವನು ಬಿಟ್ಟುಹೋಗಿದ್ದ ಕ್ಯಾಸೆಟ್ಟನ್ನೂ ತೆಗೆದುಕೊಂಡು ಅವಳು ಆ ಮನೆಯ ಬಾಗಿಲು ತಟ್ಟಿದಳು.

ಬಾಗಿಲು ತೆರೆದವರು ಬಿಳಿಗೂದಲಿನ, ಚುರುಕು ಕಣ್ಣಿನ ಹೆಂಗಸು. ಕೊರಳಿಗೆ ತೆಳುವಾದ ಬಟ್ಟೆ ಸುತ್ತಿಕೊಂಡಿದ್ದರು, ಕೈಯಲ್ಲಿ ಮಕ್ಕಳ ಸ್ಲೇಟು. ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬರೆದು ತೋರಿಸಿದರು.

'ನಾಲ್ಕನೇ ಮಹಡಿ?'

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಕೂರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು. ಶಾಲು, ಗುಂಡಿ, ನೋಡದೇ ಹೋದ ಬೆನ್ನು... "ನಿಮ್ಮ ಮಗ ನಿಮಗೆ ಹೇಳಿದ್ರೋ ಇಲ್ವೋ ಗೊತ್ತಿಲ್ಲ. ನಿಮ್ಮ ದನಿ ಅಳಿಸಿದ್ದು ನಾನಮ್ಮ. ಕ್ಷಮಿಸಿ ಅಂತ ಕೇಳೋಕೂ ನನಗೆ ಬಾಯಿ ಬರ್ತಿಲ್ಲ."

ತಾಯಿ ಕ್ಯಾಸೆಟ್ ಇಸಿದುಕೊಂಡು ಬೆನ್ನು ತಿರುಗಿಸಿದರು. ಗಮ್‌ಟೇಪನ್ನು ಉಗುರಿನಿಂದ ಮುಟ್ಟಿದರು. ಒಣಗಿ ಕಂದಿಹೋಗಿದ್ದ ಅದರ ಅಂಚು ಪುಡಿಪುಡಿಯಾಗಿ ಉದುರಿತು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಅವಳು ಗಾಬರಿಯಾದಳು.

ಅವರು ನಗುತ್ತಿದ್ದರು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು!

ಸ್ಲೇಟಿನ ಮೇಲೆ ಬಳಪ ಓಡಿತು. 'ಇದನ್ನ ಅಂಟಿಸಿದ್ದು ನಾನು. ಅಳಿಸಿದ್ದೂ ನಾನೇ. ಇಪ್ಪತ್ತೆರಡು ವರ್ಷ ಆಯ್ತು.'

"ಅಮ್ಮಾ...?"

ಬರೆದು, ಒರೆಸಿ, ಮತ್ತೆ ಬರೆದು, ತಾಯಿ ಕತೆ ಹೇಳಿದರು.

'ಕೊನೇ ಭಾಗದಲ್ಲಿ ಮೋಡ ಒಣಗಿದ ಗಿಡಕ್ಕೆ ಮಳೆ ಸುರಿಸಿ ಕರಗಿಹೋಗುತ್ತೆ.'

ಅವಳ ಬಾಯಿಂದ 'ಅಯ್ಯೋ' ಹೊರಟಿತು. ಇಪ್ಪತ್ತೆರಡು ವರ್ಷ ಕಾದ ಪ್ರಶ್ನೆಗೆ ಇದಾ ಉತ್ತರ? ಕೆನ್ನೆ ಮೇಲೆ ನೀರಿಳಿಯಿತು.

ತಾಯಿ ಅವಳ ಕಣ್ಣೀರಿನ ಕಡೆ ಬೆರಳು ತೋರಿಸಿ ಬರೆದರು. 'ಅದಕ್ಕೇ. ನನ್ನ ಮಗನೂ ಹೀಗೇ ಅತ್ತ. ಮೂರು ದಿನ ಊಟ ಇಲ್ಲ. ಅಮ್ಮಾ ನಿನ್ನ ದನಿ ಸತ್ತುಹೋಯ್ತಾ ಅಂದ.'

ಒರೆಸಿದರು. 'ಆ ಭಾಗ ಅಳಿಸಿದೆ. ಜ್ವರದಲ್ಲಿ ಕನಸು ಕಂಡಿದ್ದೀಯ, ಮತ್ತೆ ನೋಡು ಅಂದೆ. ನೀಲಿ ಬಂದಾಗ ಟಿವಿ ಹಿಂದೆ ಕೂತು ನಾನೇ ಮಾತಾಡಿದೆ. ಅವನು ಎಷ್ಟು ಸಲ ಹಾಕಿದ್ರೂ ಅಷ್ಟು ಸಲ.'

ಪರದೆ ತುಂಬ ನೀಲಿ ಆಕಾಶ... ಪುಟ್ಟಾ ಎಂಬ ಕರೆ... ಆ ಮಾತು ಯಾವ ಟೇಪಿನಲ್ಲೂ ಇರಲೇ ಇಲ್ಲ! ಲೋಕದ ಮಕ್ಕಳಿಗೆಲ್ಲ ಮೋಡ ಕರಗಿಹೋಗಿತ್ತು. ಒಬ್ಬನಿಗೆ ಮಾತ್ರ ಅದು ಮನೆ ತಲುಪಿತ್ತು.

ತಾನು ತಪ್ಪು ಮಾಡಿಲ್ಲ! ಎದೆಯಿಂದ ಚಪ್ಪಡಿ ಕಲ್ಲು ಇಳಿದ ಹಾಗಾಯಿತು. ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ಇದನ್ನು ಅವನಿಗೆ ಹೇಳಿದರೆ ಆ ಮೋಡ ಇವತ್ತು ಅವನಿಗೂ ಕರಗಿಹೋಗುತ್ತದಲ್ಲ?

ಅವಳು ಕಣ್ಣೊರೆಸಿಕೊಂಡು ಎದ್ದಳು.

"ಅವರಿಗೆ ಹೇಳೋದು ಬೇಡಮ್ಮ. ನಾನೇ ಅಳಿಸಿದ್ದು ಅಂತಾನೇ ಇರ್ಲಿ. ನನ್ನ ಮೇಲೆ ಕೋಪ ಇದ್ರೂ ಪರವಾಗಿಲ್ಲ. ಮೋಡ ಮನೇಲಿದೆ ಅನ್ನೋ ನಂಬಿಕೆ ಹಾಗೇ ಇರ್ಲಿ."

ತಾಯಿ ಅವಳನ್ನೇ ದಿಟ್ಟಿಸಿದರು. ಆಮೇಲೆ ಕೈ ಹಿಡಿದು ಎಳೆದು ಕೂರಿಸಿದರು. ಬಳಪ ಮುರಿಯುವಷ್ಟು ಒತ್ತಿ ಬರೆದರು.

'ನಾನು ಮಾಡಿದ್ದಕ್ಕೆ ನೀನ್ಯಾಕೆ ಬೈಸಿಕೊಳ್ಳಬೇಕು? ಅವನೀಗ ಮಗು ಅಲ್ಲ. ನಾಲ್ಕು ಗಂಟೆಗೆ ಬರ್ತಾನೆ. ನೀನು ನನಗೊಂದು ಉಪಕಾರ ಮಾಡು.'

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವನು ಬಂದ. ಆರು ದಿನದಲ್ಲಿ ಅವನೂ ಸೊರಗಿದ್ದ. ತಾಯಿಗೆ ಕೊಡಲು ಕೈಯಲ್ಲಿ ಹೂವು ಮಾತ್ರ ಇತ್ತು.

ನಡುಮನೆಯಲ್ಲಿ ಹಳೆಯ ದಪ್ಪ ಟಿವಿ ಹಚ್ಚಿತ್ತು. ಅದಕ್ಕೆ ಕೇಬಲ್ಲಿನ ವೈರು ಹಾಕಿರಲಿಲ್ಲ, ಪರದೆ ತುಂಬ ಬರೀ ನೀಲಿ. ತಾಯಿ ಎದುರಿಗೆ ಕುಳಿತು, ಪಕ್ಕದ ಜಾಗವನ್ನು ತಟ್ಟಿ ಕರೆದರು.

"ಏನಮ್ಮಾ ಇದು? ಟಿವಿಲಿ ಏನೂ ಬರ್ತಿಲ್ಲ, ಆರಿಸ್ತೀನಿ ಇರು."

ತಾಯಿ ತುಟಿಯ ಮೇಲೆ ಬೆರಳಿಟ್ಟರು.

ನೀಲಿಯೊಳಗಿಂದ ಒಂದು ದನಿ ಬಂತು. ಅಮ್ಮನದಲ್ಲ. ಸ್ವಲ್ಪ ನಡುಗುವ, ಸ್ವಲ್ಪ ಹೆದರಿದ ದನಿ.

"ಪುಟ್ಟಾ... ನನ್ನ ಹುಡುಕ್ಬೇಡ. ನಾನು ಮನೆಗೆ ಬಂದುಬಿಟ್ಟೆ. ಮನೆ ಎಷ್ಟು ದೊಡ್ಡದು, ನಾನು ಎಷ್ಟು ಚಿಕ್ಕೋನು! ಅದಕ್ಕೇ ನಿಂಗೆ ಕಾಣಿಸ್ತಿಲ್ಲ. ಕಾಣಿಸ್ಲಿಲ್ಲ ಅಂತ ಅಳ್ಬಾರ್ದು. ನೀನು ಕರೆದ್ರೆ ನಂಗೆ ಕೇಳಿಸತ್ತೆ."

ಅಕ್ಷರ ಅಕ್ಷರವೂ ಅದೇ! ಅವನ ಕೈಯಿಂದ ಹೂವು ಜಾರಿತು. ಪರದೆ ನೋಡಿದ. ತಾಯಿಯ ಮುಖ ನೋಡಿದ. ಚಿಕ್ಕಂದಿನಲ್ಲಿ ಒಮ್ಮೆಯೂ ಹೋಗದ ಕಡೆಗೆ, ಟಿವಿಯ ಹಿಂದಕ್ಕೆ, ನಾಲ್ಕು ಹೆಜ್ಜೆ ಇಟ್ಟ.

ಧೂಳಿನ ನಡುವೆ, ಮಡಿಲಲ್ಲಿ ಆ ಮಾತು ಬರೆದಿದ್ದ ಸ್ಲೇಟು ಇಟ್ಟುಕೊಂಡು, ಮೂಗಿನ ಮೇಲೆ ಜೇಡರ ಬಲೆ ಅಂಟಿಸಿಕೊಂಡು ಅವಳು ಕುಳಿತಿದ್ದಳು.

"ನೀವಾ...!"

ಅವಳು ತಾಯಿಯ ಕಡೆ ಬೆರಳು ತೋರಿಸಿದಳು. ತಾಯಿ ಒಂದು ಹಾಳೆಯಲ್ಲಿ ಆಗಲೇ ಬರೆದಿಟ್ಟಿದ್ದರು.

'ಅವತ್ತು ನೀನು ಹಿಂದೆ ಬಂದು ನೋಡಿದ್ದಿದ್ದರೆ ನಾನು ಸಿಕ್ಕಿಬೀಳ್ತಿದ್ದೆ. ಟೇಪಲ್ಲಿ ಏನೂ ಇರಲಿಲ್ಲ ಕಣೋ. ಈ ಹುಡುಗಿ ಏನೂ ಅಳಿಸಿಲ್ಲ. ನಿನ್ನ ಮೋಡ ಉಳೀಲಿ ಅಂತ ನಿನ್ನ ಕೋಪ ಹೊತ್ತುಕೊಂಡು ಹೋಗೋಕೆ ಹೊರಟಿದ್ದಳು.'

ಅವನು ಎರಡು ಸಲ ಓದಿದ. ತಾಯಿಯ ಮಡಿಲಲ್ಲಿ ಮುಖ ಇಟ್ಟು, ಆರು ವರ್ಷದವನ ಹಾಗೆ ಅತ್ತ. ತಾಯಿ ತಲೆ ಸವರಿದರು. ಆಮೇಲೆ ಅವನ ತಲೆಯನ್ನು ಎತ್ತಿ, ಟಿವಿಯ ಕಡೆಗೆ ತಿರುಗಿಸಿ, ಬೆನ್ನಿಗೊಂದು ಗುದ್ದು ಕೊಟ್ಟು, ಹೂವೆತ್ತಿಕೊಂಡು ಅಡುಗೆಮನೆಗೆ ಹೊರಟುಹೋದರು.

ಅವನು ಟಿವಿಯ ಹಿಂದೆ ಬಂದು ಅವಳೆದುರು ನೆಲದ ಮೇಲೇ ಕುಳಿತ.

"ನಂಬಿ ಕೊಟ್ಟಿದ್ದೆ ಅಂದೆ. ನಂಬಿದ್ರೆ ಹಾಗೆ ಎದ್ದು ಹೋಗ್ತಿರ್ಲಿಲ್ಲ. ದಿನಾ ನಿಮ್ಮ ಕಟ್ಟಡದ ಕೆಳಗೆ ಬಂದು ನಿಂತಿದ್ದೆ. ಲಿಫ್ಟ್ ಹತ್ತೋಕೆ ಧೈರ್ಯ ಬರ್ಲಿಲ್ಲ. ಕ್ಯಾಸೆಟ್ ಹೋಯ್ತು ಅನ್ನೋದಕ್ಕಿಂತ ನಿಮ್ಮನ್ನ ನೋಯಿಸಿದೆ ಅನ್ನೋದೇ ಹೆಚ್ಚು ಚುಚ್ತಿತ್ತು. ನೀವಂದ್ರೆ ನಂಗೆ... ಅವತ್ತು ಕತ್ತಲಲ್ಲಿ ಆ ಮಾತು ಕೇಳಿದಾಗಿಂದಾನೇ ಇಷ್ಟ."

"ನಾನು ಆರು ದಿನ ಅತ್ತಿದ್ದೀನಿ. ಅದಕ್ಕೇನು ಶಿಕ್ಷೆ?"

"ನೀವು ಹೇಳಿದ್ದು."

"ಮೊದಲು ಈ 'ನೀವು' ಬಿಡಿ."

"ಸರಿ." ಅವನು ಕೈ ಚಾಚಿ ಅವಳ ಮೂಗಿನ ಮೇಲಿದ್ದ ಜೇಡರ ಬಲೆಯನ್ನು ಮೆಲ್ಲಗೆ ತೆಗೆದ. "ನೀನು."

ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಅಡುಗೆಮನೆಗೂ ಕೇಳಿಸೀತೆಂದು ಅವಳಿಗೆ ಭಯವಾಯಿತು. ಟಿವಿಯ ನೀಲಿ ಬೆಳಕು ಎದುರಿನ ಗೋಡೆಯ ಮೇಲೆಲ್ಲ ಹರಡಿತ್ತು.

"ನಿಜವಾದ ಕೊನೇ ಭಾಗ ಎಲ್ಲಾದ್ರೂ ಇದ್ದೇ ಇರತ್ತೆ," ಎಂದ ಅವನು. "ಹುಡುಕೋಣ್ವಾ? ನಿಂಗೆ ನೋಡ್ಬೇಕು ಅಂತ ಇತ್ತಲ್ಲ."

ಅವಳು ತಲೆಯಾಡಿಸಿ, ಅವನ ಗ್ರೀಸ್ ಮೆತ್ತಿದ ಬೆರಳುಗಳನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು.

"ಬೇಡ. ನಂಗೆ ಕೊನೇ ಭಾಗ ಬೇಡ."

"ಮತ್ತೇನು ಬೇಕು?"

"ಇವತ್ತಿಗೆ ಇಷ್ಟು ದೂರ..."

ಅವನು ನಕ್ಕ. ಈ ಸಲ ಆ ನಗು ಅರ್ಧಕ್ಕೆ ನಿಲ್ಲಲಿಲ್ಲ.

"ನಾಳೆ ಇನ್ನೊಂಚೂರು."